ರೋಬೋಟ್ ಕಾಲು ಕಟ್ಟಿ ನಡೆಸೋದು: ಫಿಜಿಯೋ ಆಗಿ ನನ್ನ ಅನುಭವ

ನಾನು ಬೆಂಗಳೂರಲ್ಲಿ ನ್ಯೂರೋ ರಿಹ್ಯಾಬ್ ಫಿಜಿಯೋ, ಬೆನ್ನುಹುರಿಗೆ ಏಟಾದವರ ಜೊತೆನೇ ಜಾಸ್ತಿ ಕೆಲಸ. ಎಕ್ಸೋಸ್ಕೆಲಿಟನ್, ಅಂದ್ರೆ ಕಾಲಿಗೆ ಹೊರಗಿಂದ ಕಟ್ಟಿ ನಡೆಸೋ ಮೋಟರ್ ಮಷಿನ್, ಅದರ ವಿಡಿಯೋ ಈಗ ಎಲ್ರ ಫೋನಲ್ಲೂ ಇದೆ, ಹಾಗಾಗಿ ಕರೆ ಮಾಡೋರೆಲ್ಲ ಕೇಳೋದು ಒಂದೇ, "ಮೇಡಂ, ಆ ರೋಬೋಟ್ ಹಾಕಿದ್ರೆ ನಮ್ಮನೆಯವ್ರು ನಡೀತಾರಾ?" ಹಾಕಿದಾಗ ನಡೀತಾರೆ. ಬಿಚ್ಚಿದ ಮೇಲೆ ಏನು ಅನ್ನೋದು ಮಷಿನ್ ಕೈಲಿಲ್ಲ, ಏಟು ಎಲ್ಲಿ, ಎಷ್ಟು ಪೂರ್ತಿ ಅನ್ನೋದರ ಮೇಲಿದೆ. ಬೆನ್ನುಹುರಿ ಏಟನ್ನ ಎ ಇಂದ ಇ ವರೆಗೆ ಅಳೆಯೋ ಏಷಿಯಾ (ASIA) ಸ್ಕೇಲಲ್ಲಿ ಎ ಅಂದ್ರೆ ಪೂರ್ತಿ ಏಟು, ಮಲದ್ವಾರದ ಹತ್ರವೂ ಸ್ಪರ್ಶ ಇಲ್ಲ, ಬಿಗಿ ಹಿಡಿಯೋಕೂ ಆಗಲ್ಲ. ಸಿ, ಡಿ ಇದ್ದವರಿಗೆ ಕಾಲಲ್ಲಿ ಸ್ವಲ್ಪ ಜೀವ ಇರುತ್ತೆ, ಅದನ್ನ ಬೆಳೆಸೋಕೆ ಮಷಿನ್ ಸಹಾಯ ಮಾಡುತ್ತೆ. ಎ ಇದ್ದವರಿಗೆ ಇದು ನಿಂತು ಮಾಡೋ ವ್ಯಾಯಾಮ: ಕೆಲವರಿಗೆ ಕಾಲು ಸೆಟೆಯೋದು ಕಮ್ಮಿ ಆಗುತ್ತೆ, ಕೆಲವರಿಗೆ ಹೊಟ್ಟೆ ಸಲೀಸಾಗುತ್ತೆ, ಮುಂಡದ ಬ್ಯಾಲೆನ್ಸ್ ಬರುತ್ತೆ, ಎದುರಿಗಿರೋರ ಮುಖ ಮುಖ ನೋಡಿ ಮಾತಾಡೋ ಖುಷಿಯಂತೂ ಇದ್ದೇ ಇದೆ. ಇದನ್ನ ನಾನು ದುಡ್ಡು ಕಟ್ಟೋಕೆ ಮುಂಚೆನೇ ಹೇಳಿಬಿಡ್ತೀನಿ, ಮನೆಯವರ ಮುಖ ಸಪ್ಪಗಾದ್ರೂ ಪರವಾಗಿಲ್ಲ.

ನಾನು ಜಾಸ್ತಿ ಬಳಸಿರೋದು ಅಮೆರಿಕದ ಎಕ್ಸೋ (Ekso) ಕಂಪನಿಯದು, 2016ರಲ್ಲಿ ಅಲ್ಲಿನ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಟ್ರೋಕ್ ಮತ್ತು ಬೆನ್ನುಹುರಿ ಏಟಿಗೆ ಒಪ್ಪಿಗೆ ಕೊಟ್ಟ ಮಷಿನ್. ಸೊಂಟಕ್ಕೂ ಮಂಡಿಗೂ ಮೋಟರ್ ಇದೆ, ಪಾದದ ಗಂಟಿಗೆ ಬರೀ ಸ್ಪ್ರಿಂಗು. ಲೋಕೋಮ್ಯಾಟ್ ಥರ ಟ್ರೆಡ್‌ಮಿಲ್ ಮೇಲೆ ತೂಗುಹಾಕಿ ನಡೆಸೋದಲ್ಲ, ನೆಲದ ಮೇಲೆ ವಾಕರ್ ಅಥವಾ ಕ್ರಚಸ್ ಹಿಡ್ಕೊಂಡೇ ನಡೀಬೇಕು, ಹಿಂದಿನಿಂದ ನಾವು ಹಿಡ್ಕೊಂಡಿರ್ತೀವಿ. ಹಾಗಾಗಿ ಕೈಯಲ್ಲಿ ಬಲ ಬೇಕೇ ಬೇಕು. ರೀವಾಕ್ ಅನ್ನೋ ಇನ್ನೊಂದು ಮಷಿನ್ ಕಂಡುಹಿಡಿದ ಇಸ್ರೇಲಿನ ಅಮಿತ್ ಗೋಫರ್‌ಗೆ ಅಪಘಾತದಲ್ಲಿ ನಾಲ್ಕೂ ಕೈಕಾಲಿನ ಬಲ ಹೋಗಿತ್ತು, ತಾನೇ ಮಾಡಿದ ಮಷಿನ್ನನ್ನ ತಾನೇ ಹಾಕ್ಕೊಂಡು ನಡೆಯೋಕೆ ಅವರಿಗೆ ಆಗಲಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ, ಮ್ಯಾನ್‌ಹೋಲ್ ಕ್ಲೀನ್ ಮಾಡೋ ಬ್ಯಾಂಡಿಕೂಟ್ ರೋಬೋಟ್ ಮಾಡಿದ ಜೆನ್‌ರೋಬೋಟಿಕ್ಸ್‌ನವರು ಜಿ-ಗೈಟರ್ ಅಂತ ನಡಿಗೆ ಕಲಿಸೋ ಮಷಿನ್ನೇ ಮಾಡಿದಾರೆ.

ಈಗ ಕೆಲಸಕ್ಕೆ ಬರೋಣ. ಮಷಿನ್ ಹತ್ರ ಕರ್ಕೊಂಡು ಹೋಗೋಕೆ ಮುಂಚೆ ವಾರಗಟ್ಲೆ ಬೇರೆ ಕೆಲಸ ಇರುತ್ತೆ. ಮೊದಲು ಮೂಳೆ. ತಿಂಗಳುಗಟ್ಲೆ ಭಾರ ಬೀಳದೆ ಮಂಡಿ ಮೇಲೆ ಕೆಳಗೆ ಮೂಳೆ ಟೊಳ್ಳಾಗಿರುತ್ತೆ, ಮೂಳೆ ಎಷ್ಟು ಗಟ್ಟಿ ಅಂತ ತೋರಿಸೋ ಡೆಕ್ಸಾ ಸ್ಕ್ಯಾನ್ ನೋಡದೆ ನಾನು ನಿಲ್ಲಿಸಲ್ಲ, ಯಾಕಂದ್ರೆ ಇವರಿಗೆ ಮೂಳೆ ಮುರಿದ್ರೆ ನೋವೇ ಗೊತ್ತಾಗಲ್ಲ, ಕಾಲು ಊದಿ ಬಿಸಿಯಾದಾಗಲೇ ಗೊತ್ತಾಗೋದು. ಆಮೇಲೆ ಬಿಪಿ. ಮಲಗಿ ಮಲಗಿ ಅಭ್ಯಾಸ ಆದವರನ್ನ ತಟ್ಟಂತ ಎಬ್ಬಿಸಿದ್ರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ಅದಕ್ಕೆ ಟಿಲ್ಟ್ ಟೇಬಲ್ (ಓರೆಯಾಗಿ ಎತ್ತೋ ಮಂಚ) ಮೇಲೆ ಮೆಲ್ಲಗೆ ಏರಿಸ್ಕೊಂಡು ಬರ್ತೀವಿ, ಹೊಟ್ಟೆಗೆ ಬೆಲ್ಟು, ಕಾಲಿಗೆ ಬಿಗಿ ಸಾಕ್ಸ್. ಟಿ6, ಅಂದ್ರೆ ಎದೆ ಭಾಗದ ಬೆನ್ನುಹುರಿಯ ಆರನೇ ಮಟ್ಟ, ಅಲ್ಲಿ ಅಥವಾ ಅದಕ್ಕಿಂತ ಮೇಲೆ ಏಟಾಗಿದ್ರೆ ಉಲ್ಟಾ ಭಯನೂ ಇದೆ, ಕ್ಯಾಥೆಟರ್ ಪೈಪು ಎಲ್ಲೋ ಮಡಚಿ ಮೂತ್ರ ಕಟ್ಟಿಕೊಂಡ್ರೂ ಸಾಕು ಬಿಪಿ ಸರ್ರಂತ ಏರಿ ತಲೆ ಸಿಡಿಯುತ್ತೆ, ಮುಖ ಬೆವರುತ್ತೆ. ಮಷಿನ್ನಿನ ಪಟ್ಟಿ ಕಟ್ಟೋ ಮುಂಚೆ ಯೂರಿನ್ ಬ್ಯಾಗ್ ಖಾಲಿ ಮಾಡಿಸೋದು, ಪೈಪು ಪಟ್ಟಿ ಕೆಳಗೆ ಸಿಕ್ಕಿಲ್ಲ ಅಂತ ಕೈಯಾಡಿಸಿ ನೋಡೋದು ನನಗೆ ರೂಢಿ. ಬೆಡ್ ಸೋರ್ ಇದ್ರೆ ಆವತ್ತು ಮಷಿನ್ ಇಲ್ಲ. ಸೊಂಟ, ಮಂಡಿ ಮಡಚಿಕೊಂಡೇ ಗಟ್ಟಿಯಾಗಿದ್ರೂ ಇಲ್ಲ, ಮೊದಲು ದಿನಾ ಬೋರಲು ಮಲಗಿಸಿ ಅದನ್ನ ಬಿಡಿಸ್ಕೊಂಡು ಬರಬೇಕು.

ನನ್ನ ಪ್ರಕಾರ ಅರ್ಧ ಫಲಿತಾಂಶ ಅಳತೆಯಲ್ಲೇ ಇದೆ. ಸೊಂಟದ ಅಗಲ, ತೊಡೆ ಉದ್ದ, ಮಂಡಿಯಿಂದ ನೆಲದವರೆಗೆ, ಅದೂ ಶೂ ಹಾಕಿದ ಮೇಲೆ. ಮಷಿನ್ನಿನ ಮಂಡಿ ಕೀಲು ಪೇಷೆಂಟಿನ ಮಂಡಿಗೆ ಸರಿಯಾಗಿ ಕೂರಬೇಕು, ಸ್ವಲ್ಪ ಮೇಲೆ ಕೆಳಗೆ ಆದ್ರೂ ಪ್ರತಿ ಹೆಜ್ಜೆಗೂ ಪಟ್ಟಿ ಚರ್ಮವನ್ನ ಎಳೆದು ಉಜ್ಜುತ್ತೆ, ಅವರಿಗೆ ಅದು ಗೊತ್ತೂ ಆಗಲ್ಲ. ಬಿಚ್ಚಿದ ಕೂಡ್ಲೇ ಮೊಳಕಾಲು, ಹಿಮ್ಮಡಿ, ಸೊಂಟದ ಮೂಳೆ, ಬೆನ್ನ ಕೆಳಗೆ ಎಲ್ಲಾ ಕಡೆ ನೋಡ್ತೀನಿ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣಲ್ಲ, ಹಾಗಾಗಿ ಬೆರಳ ಹಿಂಭಾಗ ಇಟ್ಟು ಬಿಸಿ ಇದೆಯಾ, ಒತ್ತಿ ಗಟ್ಟಿ ಇದೆಯಾ ಅಂತ ನೋಡಬೇಕು, ಇದನ್ನ ಮನೆಯವರಿಗೂ ಕಲಿಸ್ತೀನಿ.

ನಡಿಗೆಗೆ ಬಂದ್ರೆ, ಶುರುವಲ್ಲಿ ಬಟನ್ ನನ್ನ ಕೈಲಿ. ನಾನು ಒತ್ತಿದ್ರೆ ಒಂದು ಹೆಜ್ಜೆ. ಆಮೇಲೆ ಬಟನ್ ಪೇಷೆಂಟಿನ ವಾಕರಿಗೆ ಹೋಗುತ್ತೆ. ಅದಾದ ಮೇಲೆ ಬಟನ್ನೇ ಇಲ್ಲ, ಮೈಭಾರ ಒಂದು ಕಾಲಿಗೆ ಸರಿಯಾಗಿ ಹೋಗಿ ಎದೆ ಮುಂದೆ ಬಂದ್ರೆ ಮಾತ್ರ ಮಷಿನ್ ಇನ್ನೊಂದು ಕಾಲು ಎತ್ತುತ್ತೆ. ಇಲ್ಲೇ ಎಲ್ರೂ ಒದ್ದಾಡೋದು. ಕಾಲು ಎತ್ತೋಕೆ ನೋಡ್ತಾರೆ, ತೋಳಲ್ಲಿ ವಾಕರ್ ಜಗ್ಗುತ್ತಾರೆ, ತಲೆ ಬಗ್ಗಿಸಿ ಪಾದನೇ ನೋಡ್ತಾರೆ, ಭಾರ ಮಾತ್ರ ನಡುವಲ್ಲೇ ಉಳಿಯುತ್ತೆ. ಎತ್ತೋ ಕಾಲಿನ ಬಗ್ಗೆ ಮಾತೇ ಆಡ್ಬಾರ್ದು, ನಿಲ್ಲೋ ಕಾಲಿನ ಬಗ್ಗೆ ಮಾತ್ರ ಹೇಳ್ಬೇಕು ಅನ್ನೋದು ನಾನು ಕಂಡುಕೊಂಡಿದ್ದು. "ಬಲಗಾಲ ಮೇಲೆ ನಿಲ್ಲಿ, ಎದೆ ಮುಂದೆ, ಕಾಯಿರಿ." ಕನ್ನಡಿ ಮುಂದೆ ನಿಲ್ಲಿಸಿ ಇಷ್ಟೇ ಮಾಡಿಸ್ತೀನಿ, ಒಂದೂ ಹೆಜ್ಜೆ ಇಲ್ದೆ.

ಮಲೆನಾಡ ಕಡೆಯಿಂದ ಒಬ್ರು ಕೊನೆಗೌಡ್ರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯೋರು) ಬಂದಿದ್ರು, ಅಡಿಕೆ ಮರದಿಂದ ಬಿದ್ದು ಟಿ10 ಪೂರ್ತಿ ಏಟು. ನಾನು ಎಷ್ಟು ಹೇಳಿದ್ರೂ ಆಗ್ತಿರ್ಲಿಲ್ಲ, ಒಂದಿನ ಅವರೇ ನಿಲ್ಲಿಸಿ ಕೇಳಿದ್ರು, "ಮೇಡಂ, ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟೋವಾಗ ಮೈ ತೂಗಿ ಮರ ಬಗ್ಗಿಸ್ತೀವಲ್ಲ, ಹಂಗಾ ಇದು?" ಹಂಗೇ ಅಣ್ಣ ಅಂದೆ. ಎಡಕ್ಕೆ ತೂಗಿದ್ರು, ಬಲಗಾಲು ಎದ್ದು ಮುಂದೆ ಬಂತು, ಬಲಕ್ಕೆ ತೂಗಿದ್ರು, ಎಡಗಾಲು. ಅವರ ಹೆಂಡತಿ ಬಾಗಿಲ ಹತ್ರ ನಿಂತು "ನಿಧಾನ ಮಾರಾಯ್ರೇ" ಅಂತ ಬೈತಿದ್ರು!

ಮಷಿನ್ ಸ್ಕ್ರೀನಲ್ಲಿ ನಿಂತ ಸಮಯ, ನಡೆದ ಸಮಯ, ಹೆಜ್ಜೆ ಲೆಕ್ಕ ಎಲ್ಲಾ ಬರುತ್ತೆ. ಮನೆಯವ್ರು ಹೆಜ್ಜೆ ಲೆಕ್ಕದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ಹಾಕ್ಲಿ. ನಾನು ನೋಡೋದು ಮೋಟರ್ ಎಷ್ಟು ಸಹಾಯ ಮಾಡ್ತು ಅನ್ನೋದು. ಸಿ, ಡಿ ಇರೋರಿಗೆ ಆ ಸಹಾಯವನ್ನ ಇಳಿಸ್ತಾ ಬರಬೇಕು, ಇಳಿಸದೇ ಬರೀ ಹೆಜ್ಜೆ ಜಾಸ್ತಿ ಮಾಡಿಸಿದ್ರೆ ನಡೆದಿದ್ದು ಮಷಿನ್, ಪೇಷೆಂಟ್ ಸುಮ್ನೆ ಜೊತೆಗೆ ಹೋದ ಹಾಗೆ. ಕೊನೆಗೌಡ್ರು ಊರಿಗೆ ಹೋಗಿದ್ದು ವೀಲ್ ಚೇರಲ್ಲೇ, ಜೊತೆಗೆ ಮನೇಲಿ ನಿಲ್ಲೋಕೆ ಕ್ಯಾಲಿಪರ್, ಅಂದ್ರೆ ಕಾಲಿಗೆ ಕಟ್ಟೋ ಮೋಟರ್ ಇಲ್ಲದ ಆಸರೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಒಬ್ರೇ ದಾಟ್ತಾರೆ, ಮುಂಡದ ಆ ಬ್ಯಾಲೆನ್ಸು ಅಲ್ಲಿ ತುಂಬಾ ಉಪಯೋಗಕ್ಕೆ ಬಂತು.

ಯಾವ ಸೆಂಟರಿಗೆ ಹೋದ್ರೂ ದುಡ್ಡು ಕಟ್ಟೋ ಮುಂಚೆ ಕೇಳಿ: ಹಿಡಿಯೋರಿಗೆ ಮಷಿನ್ನಿನ ಟ್ರೇನಿಂಗ್ ಆಗಿದೆಯಾ, ಒಂದು ಗಂಟೆ ಸೆಷನ್ ಅಂದ್ರೆ ಕಟ್ಟೋದು ಬಿಚ್ಚೋದು ಬಿಟ್ಟು ನಿಜವಾಗಿ ಎಷ್ಟು ನಡಿಗೆ, ಮೂಳೆ ಸ್ಕ್ಯಾನ್ ನೋಡ್ತಾರಾ. ಹೋಗುವಾಗ ಚಪ್ಪಟೆ ಅಡಿಯ, ಒಂದು ಸೈಜ್ ದೊಡ್ಡ ಶೂ, ಹೊಲಿಗೆ ಒತ್ತದ ಪ್ಯಾಂಟ್ ತಗೊಂಡ್ಹೋಗಿ, ಜೀನ್ಸ್ ಬೇಡ.