ಕ್ಯಾಲೆಂಡರಿನ ಚೌಕಕ್ಕೆ ದಿನಕ್ಕೊಂದು ಅಚ್ಚು

ನಮ್ಮ ಮನೆ ಅಟ್ಟದ ಮೇಲೆ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯೋ ಮರದ ಅಚ್ಚುಗಳು ಒಂದು ಡಬ್ಬಿ ತುಂಬಾ ಇವೆ. ಅದನ್ನ ನೋಡ್ಕೊಂಡೇ ಬೆಳೆದೋನು ನಾನು, ಆದ್ರೂ ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಮೊದಲನೇ ಸಲ ಇಂಕು ಹಚ್ಚಿ ಒತ್ತೋ ಅಚ್ಚು ಕೆತ್ತಿದಾಗ ಪೂರ್ತಿ ಉಲ್ಟಾ ಮಾಡಿಟ್ಟೆ. ಸಕ್ಕರೆ ಅಚ್ಚಲ್ಲಿ ತೋಡಿದ ಜಾಗಕ್ಕೆ ಪಾಕ ಇಳಿದು ಅದೇ ಗಿಳಿ, ಅದೇ ತೇರು ಆಗತ್ತೆ. ಒತ್ತೋ ಅಚ್ಚಲ್ಲಿ ಹಂಗಲ್ಲ, ತೋಡಿದ್ದು ಬಿಳಿ ಉಳಿಯತ್ತೆ, ತೋಡದೆ ಬಿಟ್ಟಿದ್ದಕ್ಕೆ ಮಾತ್ರ ಇಂಕು ಹತ್ತತ್ತೆ. ಇದೊಂದು ತಲೆಗೆ ಹೋದ್ರೆ ಅರ್ಧ ಕೆಲಸ ಮುಗೀತು.

ನಾನು ತುಮಕೂರಿಂದ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಓಡಾಡೋನು, ಸಂಜೆ ಮನೆಗೆ ಬಂದ್ಮೇಲೆ ಸಿಗೋದು ಅಬ್ಬಬ್ಬಾ ಅಂದ್ರೆ ಅರ್ಧ ಗಂಟೆ. ದೊಡ್ಡ ಚಿತ್ರ ಶುರು ಮಾಡಿದ್ರೆ ಅದು ಮುಗಿಯೋದೇ ಇಲ್ಲ. ಅದಕ್ಕೆ ಒಂದು ರೂಲ್ಸ್ ಮಾಡ್ಕೊಂಡೆ: ಗೋಡೆ ಕ್ಯಾಲೆಂಡರಿನ ಒಂದು ತಾರೀಖಿನ ಚೌಕದಲ್ಲಿ ಹಿಡಿಯೋಷ್ಟೇ ಅಚ್ಚು, ಅವತ್ತಿಂದು ಅವತ್ತೇ ಒತ್ತಬೇಕು, ಚೆನ್ನಾಗಿ ಬರ್ಲಿ ಬಿಡ್ಲಿ. ಪಂಚಾಂಗ ಇರೋ ಕ್ಯಾಲೆಂಡರ್ ಮಾತ್ರ ಮುಟ್ಟಬೇಡಿ, ರಾಹುಕಾಲದ ಮೇಲೆ ಕಾಫಿ ಲೋಟದ ಅಚ್ಚು ಒತ್ತಿ ನಾನು ಅಮ್ಮನ ಹತ್ರ ಚೆನ್ನಾಗಿ ಬೈಸ್ಕೊಂಡಿದೀನಿ. ಅಂಗಡಿಯವ್ರು ಫ್ರೀಯಾಗಿ ಕೊಡ್ತಾರಲ್ಲ, ಬರೀ ತಾರೀಖು ಇರೋ ಖಾಲಿ ಚೌಕದ್ದು, ಅದು ಸಾಕು. ಪೇಪರ್ ಹೊಳೀಬಾರ್ದು ಅಷ್ಟೇ, ಹೊಳೆಯೋ ಪೇಪರ್ ಮೇಲೆ ಸ್ಟಾಂಪ್ ಪ್ಯಾಡಿನ ಇಂಕು ಬೇಗ ಒಣಗಲ್ಲ, ಮುಟ್ಟಿದವರ ಕೈಗೆಲ್ಲಾ ಅಂಟತ್ತೆ.

ಸಾಮಾನು ಏನು ಬೇಕು ಅಂದ್ರೆ, ಮಕ್ಕಳು ಪೆನ್ಸಿಲ್ ಅಳಿಸೋ ಬಿಳಿ ರಬ್ಬರ್ ಎರಡು ಮೂರು, ಸಣ್ಣ ಪೇಪರ್ ಕಟರ್, 2ಬಿ ಪೆನ್ಸಿಲ್, ಒಂದು ಹಾಳೆ ಬಟರ್ ಪೇಪರ್, ಆಫೀಸಲ್ಲಿ ಸೀಲ್ ಹಾಕೋ ಸ್ಟಾಂಪ್ ಪ್ಯಾಡ್. ಎಲ್ಲಾ ಸ್ಟೇಷನರಿ ಅಂಗಡೀಲೇ ಸಿಗತ್ತೆ. ಲಿನೋ ಕಟರ್ ಅಂತ ವಿ ಆಕಾರದ ಬಾಯಿರೋ ಕೆತ್ತೋ ಸಣ್ಣ ಉಳಿ ಇದ್ರೆ ಕೆಲಸ ಬಹಳ ಸಲೀಸು, ಆದ್ರೆ ಮೊದಲ ತಿಂಗಳೇ ತಗೋಬೇಡಿ, ಸಾಮಾನು ತಗೊಂಡ ಖುಷೀಲೇ ಎಷ್ಟೋ ಜನ ಕೆತ್ತೋದು ಮರೀತಾರೆ, ನಂದೂ ಒಂದು ವಾಟರ್ ಕಲರ್ ಸೆಟ್ ಹಂಗೇ ಬಿದ್ದಿದೆ.

ಮೊದಲು ಏನು ಕೆತ್ತೋದು? ಎಲ್ರೂ ಹೆಸರು ಕೆತ್ತೋಕೆ ಹೋಗ್ತಾರೆ, ಬೇಡ. ಕನ್ನಡ ಅಕ್ಷರ ಪೂರ್ತಿ ಸುರುಳಿ, ತಲೆಕಟ್ಟಿನ ತೆಳು ಗೆರೆ ಎರಡನೇ ದಿನಕ್ಕೇ ಕಿತ್ತು ಬರತ್ತೆ. ಮಧುಗಿರಿ ಏಕಶಿಲಾ ಬೆಟ್ಟ ಮಾಡಿ, ಒಂದು ಡುಬ್ಬದ ಗೆರೆ, ಕೆಳಗೆ ಕಪ್ಪು, ಮೇಲೆ ಬಿಳಿ, ಮುಗೀತು. ಆಮೇಲೆ ತಿಪಟೂರಿನ ಕೊಬ್ಬರಿ ಬಟ್ಟಲು, ಅವರೆಕಾಯಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೋಡೋಕೆ ಬರೀ ಗುಂಡು ಅನ್ಸತ್ತೆ, ಆದ್ರೆ ಕೆತ್ತನೇಲಿ ಗುಂಡಗೆ ಬರೋದೇ ಎಲ್ಲಕ್ಕಿಂತ ಕಷ್ಟ, ಅದನ್ನ ಎರಡನೇ ವಾರಕ್ಕಿಟ್ಕೊಳ್ಳಿ.

ಚಿತ್ರಾನ ಬಟರ್ ಪೇಪರ್ ಮೇಲೆ ಪೆನ್ಸಿಲಲ್ಲಿ ಗಾಢವಾಗಿ ಬರೀರಿ. ಬರೆದ ಮುಖ ರಬ್ಬರಿನ ಮೇಲೆ ಕವುಚಿ ಹಾಕಿ, ಅಲುಗಾಡದ ಹಾಗೆ ಹಿಡ್ಕೊಂಡು ಚಮಚದ ಬೆನ್ನಲ್ಲಿ ಉಜ್ಜಿ. ಗೆರೆ ರಬ್ಬರಿಗೆ ಇಳಿಯತ್ತೆ, ಎಡ ಬಲ ಅದಲು ಬದಲಾಗಿ. ಒತ್ತಿದಾಗ ಅದು ಇನ್ನೊಂದು ಸಲ ಅದಲು ಬದಲಾಗಿ ನೀವು ಬರೆದ ಹಾಗೇ ಬರತ್ತೆ, ಕನ್ನಡಿ ಗಿನ್ನಡಿ ಏನೂ ಬೇಡ. ನೇರ ರಬ್ಬರಿನ ಮೇಲೇ ಪೆನ್ನಲ್ಲಿ ಬರೆದ್ರೆ ಮಾತ್ರ ಎಡವಟ್ಟು.

ಈಗ ಕೆತ್ತೋದು, ಇಲ್ಲಿ ನಿಧಾನ. ಹೊಸ ಬ್ಲೇಡ್ ತುದಿ ಮುರ್ಕೊಂಡು ಶುರು ಮಾಡಿ, ಮೊಂಡು ಬ್ಲೇಡಿಗೆ ಜೋರು ಹಾಕ್ಬೇಕಾಗತ್ತೆ, ಜೋರು ಹಾಕಿದಾಗ್ಲೇ ಜಾರೋದು. ಬ್ಲೇಡನ್ನ ಪೆನ್ಸಿಲ್ ಥರ ಹಿಡಿದು ಗೆರೆಯಿಂದ ಆಚೆಗೆ ಓರೆಯಾಗಿ ಒಂದು ಸಲ ಕೊಯ್ಯಿರಿ, ಎದುರಿಂದ ಇನ್ನೊಂದು ಓರೆ ಕೊಯ್ತ, ಎರಡೂ ತಳದಲ್ಲಿ ಸೇರಿದ್ರೆ ಸಣ್ಣ ದಾರದ ಥರ ಚೂರು ಎದ್ದು ಬರತ್ತೆ. ಆಳ 2 ಮಿಲಿಮೀಟರ್ ಸಾಕು. ಉಳಿಯೋ ಗೆರೆ ಬೆಟ್ಟದ ಥರ ಇರ್ಬೇಕು, ಬುಡ ಅಗಲ ತುದಿ ಸಣ್ಣ. ಗೆರೆ ಕೆಳಗೇ ಬ್ಲೇಡ್ ನುಗ್ಗಿಸಿ ಬುಡ ಟೊಳ್ಳು ಮಾಡಿದ್ರೆ ನಾಕು ಸಲ ಒತ್ತೋದ್ರಲ್ಲಿ ಗೆರೆ ಮಲಗಿಬಿಡತ್ತೆ. ಸುತ್ತು ಗೆರೆ ಬಂದಾಗ ಬ್ಲೇಡ್ ತಿರುಗಿಸ್ಬೇಡಿ, ಅದು ನಿಂತಲ್ಲೇ ಇರ್ಲಿ, ಎಡಗೈಯಿಂದ ರಬ್ಬರನ್ನ ತಿರುಗಿಸಿ, ರೊಟ್ಟಿ ತಟ್ಟೋವಾಗ ಹಿಟ್ಟು ತಿರುಗಿಸ್ತೀವಲ್ಲ ಹಂಗೆ. ಆ ಎಡಗೈ ಬೆರಳು ಯಾವಾಗ್ಲೂ ಬ್ಲೇಡಿನ ಹಿಂದೆ ಇರ್ಲಿ, ಮುಂದೆ ಬೇಡ. ನನ್ನ ಹೆಬ್ಬೆರಳಲ್ಲಿ ಇನ್ನೂ ಗುರುತಿದೆ. ಚಿಕ್ಕ ಮಕ್ಕಳು ಹಠ ಮಾಡಿದ್ರೆ ಬೆಂಡೆಕಾಯಿ ಅಡ್ಡ ಕೊಯ್ದು ಕೊಡಿ, ಕೆತ್ತೋ ಕೆಲಸಾನೇ ಇಲ್ದೆ ಹೂವಿನ ಅಚ್ಚು.

ಪೂರ್ತಿ ಮುಗಿಯೋ ಮುಂಚೆನೇ ಒಂದ್ಸಲ ರದ್ದಿ ಪೇಪರ್ ಮೇಲೆ ಒತ್ತಿ ನೋಡಿ, ಜಾಸ್ತಿ ಉಳಿದಿದ್ರೆ ತೆಗೀಬೋದು, ತೆಗೆದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ. ಇಂಕು ಹಚ್ಚೋವಾಗ ರಬ್ಬರನ್ನ ಪ್ಯಾಡಿಗೆ ಅದ್ದಿ ಒತ್ತಬೇಡಿ, ತೋಡಿದ ಕಾಲುವೆಗೂ ಇಂಕು ಇಳಿದು ಕಲೆ ಬರತ್ತೆ. ರಬ್ಬರ್ ಟೇಬಲ್ ಮೇಲೆ ಮುಖ ಮೇಲಾಗಿ ಇಟ್ಟು ಪ್ಯಾಡನ್ನೇ ಕವುಚಿ ಮೆಲ್ಲಗೆ ತಟ್ಟಿ. ಕ್ಯಾಲೆಂಡರ್ ಗೋಡೆಯಿಂದ ಇಳಿಸಿ, ಆ ಹಾಳೆ ಕೆಳಗೆ ನಾಕು ಮಡಿಕೆ ನ್ಯೂಸ್ ಪೇಪರ್ ಇಟ್ಟು, ಒಂದೇ ಸಲ ಒತ್ತಿ, ಮೂರು ಎಣಿಸಿ, ನೆಟ್ಟಗೆ ಎತ್ತಿ. ಆ ಕಡೆ ಈ ಕಡೆ ಆಡಿಸಿದ್ರೆ ಅಂಚು ಎರಡೆರಡಾಗಿ ಕಾಣತ್ತೆ.

ರಬ್ಬರಿನ ಮೂಲೇಲಿ ಒಂದು ಎಲೆಯೋ ಚುಕ್ಕಿಯೋ ಕೆತ್ತಿ, ಅದನ್ನೇ ಕಾಲು ಸುತ್ತು ಕಾಲು ಸುತ್ತು ತಿರುಗಿಸ್ತಾ ನಾಕು ಸಲ ಒತ್ತಿದ್ರೆ ರಂಗೋಲಿ ಬರತ್ತೆ. 50 ಪೈಸೆ ಪೋಸ್ಟ್ ಕಾರ್ಡಿನ ಮೇಲೆ ಇದು ಬಹಳ ಚೆನ್ನಾಗಿ ಕೂರತ್ತೆ.

ಒತ್ತಿ ಮುಗಿದ್ಮೇಲೆ ಅಚ್ಚನ್ನ ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿ, ನೇಲ್ ಪಾಲಿಶ್ ತೆಗೆಯೋ ದ್ರಾವಣ ಮಾತ್ರ ಹಚ್ಬೇಡಿ, ರಬ್ಬರ್ ಕರಗಿ ಅಂಟಾಗತ್ತೆ. ಎತ್ತಿಡೋದು ಪ್ಲಾಸ್ಟಿಕ್ ಡಬ್ಬೀಲೂ ಬೇಡ. ಸ್ಕೂಲಲ್ಲಿ ಕಂಪಾಸ್ ಬಾಕ್ಸಿನಲ್ಲಿ ರಬ್ಬರ್ ಸ್ಕೇಲಿಗೆ ಕಚ್ಕೊಂಡಿರ್ತಿತ್ತಲ್ಲ, ನೆನಪಿದ್ಯಾ? ಬಿಳಿ ರಬ್ಬರ್ ಅಂದ್ರೆ ಬಹುಪಾಲು ಪಿವಿಸಿ, ಅದನ್ನ ಮೆತ್ತಗೆ ಮಾಡೋಕೆ ಸೇರಿಸಿರೋ ಎಣ್ಣೆಯಂಥದ್ದು ಪಕ್ಕದ ಪ್ಲಾಸ್ಟಿಕ್ಕಿಗೆ ಹರಿದು ಎರಡನ್ನೂ ಅಂಟಿಸತ್ತೆ. ಅದಕ್ಕೇ ಹೊಸ ರಬ್ಬರಿಗೆ ಪೇಪರಿನ ಅಂಗಿ ಹಾಕಿರೋದು. ನೀವೂ ಒಂದೊಂದನ್ನೂ ಪೇಪರಲ್ಲಿ ಸುತ್ತಿ ತಗಡಿನ ಡಬ್ಬೀಲಿ ಹಾಕಿ. ಹಿಂಭಾಗ ಇನ್ನೂ ಖಾಲಿ ಇರತ್ತೆ, ಅಲ್ಲೂ ಒಂದು ಕೆತ್ಬೋದು.

ನಮ್ಮ ಕ್ಯಾಲೆಂಡರಿನ ಜಾಗಕ್ಕೆ ಈಗ ಕಾಂಪಿಟೇಶನ್ ಶುರುವಾಗಿದೆ. ಹಾಲು ಬರದ ದಿನ ಅಮ್ಮ ಪೆನ್ನಲ್ಲಿ ಇಂಟು ಮಾರ್ಕ್ ಹಾಕ್ತಿದ್ಲು, "ನಂಗೂ ಒಂದು ಹಾಲಿನ ಪ್ಯಾಕೆಟ್ ಕೆತ್ಕೊಡೋ" ಅಂದ್ಲು, ಮಾಡಿಕೊಟ್ಟೆ. ಮೊನ್ನೆ ನೋಡ್ತೀನಿ, ಹಾಲು ಬಂದ ದಿನಾನೂ ಒತ್ತಿದಾಳೆ, ಕೇಳಿದ್ರೆ "ಚೆನ್ನಾಗಿ ಬಂದಿದೆ ಕಣೋ" ಅಂತಾಳೆ, ತಿಂಗಳ ಕೊನೇಲಿ ಲೆಕ್ಕ ಹಾಕೋನು ನಾನು.