ಚಿಕ್ಲಿಹೊಳೆಯಲ್ಲಿ ನೀರುಹಕ್ಕಿ ಎಣಿಸಿದ್ದು

ಜನವರಿ ಬಂತೆಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು. ಯಾರನ್ನು ಕರೆದರೂ "ಕಣದಲ್ಲಿ ಕಾಫಿ ಹರಡಿದೆ, ಬರೋಕಾಗಲ್ಲ" ಅನ್ನುತ್ತಾರೆ. ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, ಅಂದರೆ ಏಷ್ಯಾದ ನೀರುಹಕ್ಕಿ ಗಣತಿ, ನಡೆಯುವುದೂ ಇದೇ ತಿಂಗಳಲ್ಲಿ. 1987ರಲ್ಲಿ ಶುರುವಾದ ಈ ಎಣಿಕೆ ನಿಂತಿರುವುದೇ ಸ್ವಯಂಸೇವಕರ ಮೇಲೆ. ವಲಸೆ ಬಂದ ಹಕ್ಕಿಗಳು ಚಳಿಗಾಲ ಕಳೆಯಲು ಒಂದು ಕಡೆ ನೆಲೆ ನಿಂತಿರುವ ಹೊತ್ತು ಇದು. ಹಾಗಾಗಿ ನಮ್ಮ ಅನುಕೂಲಕ್ಕೆ ತಿಂಗಳು ಬದಲಿಸಲು ಬರುವುದಿಲ್ಲ.

ನಾವು ಎಣಿಸಿದ್ದು ಚಿಕ್ಲಿಹೊಳೆ ಜಲಾಶಯದಲ್ಲಿ. ಪಕ್ಕದಲ್ಲೇ ಕಾಡು, ಆನೆ ಓಡಾಟ ಇದ್ದೇ ಇದೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿದ್ದೆವು. ಜೊತೆಗೆ ಬಂದ ವಾಚರ್, "ಸಾರ್, ನೀವಿಲ್ಲೇ ಇರಿ. ನಾನು ಮುಂದೆ ನೋಡ್ಕೊಂಡು ಬರ್ತೀನಿ" ಎಂದು ಹೋಗಿ ಬಂದ ಮೇಲೆಯೇ ನಾವು ದಡಕ್ಕೆ ಇಳಿದೆವು. ಹಕ್ಕಿಯ ಮೇಲೆ ಕಣ್ಣಿಟ್ಟವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ವಾಚರ್ ಇಲ್ಲದೆ ಆ ಕಡೆ ಹೋಗಲೇಬಾರದು.

ಮಂಜು ಕರಗುವ ತನಕ ಕಾಯಬೇಕು. ಬಿಸಿಲು ಬಂದಾಗ ಸೂರ್ಯ ನಮ್ಮ ಬೆನ್ನಿಗಿರುವಂತೆ ನಿಂತೆವು. ಎದುರು ಬಿಸಿಲಲ್ಲಿ ಎಲ್ಲ ಹಕ್ಕಿಯೂ ಕಪ್ಪೇ ಅಲ್ವಾ? ಒಬ್ಬರು ಬೈನಾಕ್ಯುಲರ್‌ನಲ್ಲಿ ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಎಡದಿಂದ ಬಲಕ್ಕೆ, ಒಂದು ಸಲಕ್ಕೆ ಒಂದೇ ಜಾತಿ. ಚಿಕ್ಕ ಗುಂಪಾದರೆ ಒಂದೊಂದಾಗಿ ಎಣಿಸಬಹುದು. ದೊಡ್ಡದಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ನೋಡಿಕೊಂಡು, ಅದೇ ಅಳತೆಯಲ್ಲಿ ಗುಂಪಿನ ಕೊನೆಯವರೆಗೆ ಹೋಗುತ್ತೇವೆ.

ಜಾಸ್ತಿ ಹೊತ್ತು ಹಿಡಿದದ್ದು ನೀರುಕಾಗೆಗಳು. ಸಣ್ಣ ನೀರುಕಾಗೆಯ ಕೊಕ್ಕು ಗಿಡ್ಡ, ತಲೆ ದುಂಡಗೆ. ಅದಕ್ಕಿಂತ ಸ್ವಲ್ಪ ದೊಡ್ಡ ನೆಂಟ ಭಾರತೀಯ ನೀರುಕಾಗೆಯ (ಇಂಡಿಯನ್ ಕಾರ್ಮೊರಂಟ್) ಕೊಕ್ಕು ಉದ್ದ, ಸಪೂರ, ತುದಿಯಲ್ಲಿ ಕೊಕ್ಕೆ. ಬೆಳ್ಳಕ್ಕಿಗಳಲ್ಲೂ ಹಾಗೆಯೇ ನಿಧಾನ ಬೇಕು. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಬೆರಳು ಕಂಡರೆ ಅದು ಸಣ್ಣ ಬೆಳ್ಳಕ್ಕಿ. ದೂರದಲ್ಲಿ ಕೂತು ಏನೂ ಗೊತ್ತಾಗದಿದ್ದರೆ 'ಗುರುತಿಸದ ಬೆಳ್ಳಕ್ಕಿ' ಎಂದೇ ಬರೆದೆವು. ಊಹೆಯ ಹೆಸರಿಗಿಂತ ಅದು ಎಷ್ಟೋ ಮೇಲು. ಗುಳುಮುಳುಕದ ವಿಷಯದಲ್ಲಿ, ಮುಳುಗಿದ್ದು ಮತ್ತೆ ಏಳುವ ತನಕ ಸುಮ್ನೆ ಕಾಯುವುದೊಂದೇ ದಾರಿ.

ನಮ್ಮ ಪಟ್ಟಿ ಸಣ್ಣದು. ಇದೇ ಚಳಿಗಾಲದಲ್ಲಿ ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ನಮ್ಮಲ್ಲಿ ಆ ಸಂಭ್ರಮ ಇಲ್ಲ. ನೀರು ಆಳ, ದಡ ಇಳಿಜಾರು. ಕೆಸರಲ್ಲಿ ಕೊಕ್ಕು ಚುಚ್ಚಿ ಮೇಯುವ ಹಕ್ಕಿಗಳಿಗೆ ಕಾಲೂರಲು ತೆಳುನೀರೇ ಕಡಿಮೆ. ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿಗಳಿಗೆ ಮಾತ್ರ ಇದು ಒಳ್ಳೆಯ ಜಾಗ. ಹೊಸದಾಗಿ ಬಂದ ಹುಡುಗರಿಗೆ ಬೇಜಾರಾಗುವುದು ಸಹಜ. ನಾನು ಅವರಿಗೆ ಹೇಳಿದ್ದು ಇಷ್ಟೇ: ಕಡಿಮೆ ಇದ್ದರೆ ಕಡಿಮೆ ಬರೆಯಿರಿ, ಏನೂ ಇಲ್ಲದಿದ್ದರೆ ಸೊನ್ನೆ ಬರೆಯಿರಿ. ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ಸಮಯಕ್ಕೆ ಎಣಿಸಿದರೆ ಏರಿತೋ ಇಳಿಯಿತೋ ತಿಳಿಯುತ್ತದೆ. ಹಕ್ಕಿ ಜಾಸ್ತಿ ಇರುವಲ್ಲಿಗೇ ಎಲ್ಲರೂ ಹೋದರೆ ನಮ್ಮ ನೀರಿನ ಕಥೆ ಬರೆಯುವವರು ಯಾರು?

ಹಕ್ಕಿಯ ಸಂಖ್ಯೆಯ ಜೊತೆ ಫಾರಂನಲ್ಲಿ ಜಾಗದ ಸ್ಥಿತಿಯನ್ನೂ ಕೇಳುತ್ತಾರೆ. ಮೀನಿನ ಬಲೆ, ಪ್ಲಾಸ್ಟಿಕ್, ಜನರ ಓಡಾಟ ಎಲ್ಲವನ್ನೂ ಕಂಡ ಹಾಗೆ ತುಂಬಿದೆವು.

ವಾಪಸ್ ಬರುವಾಗ ಭತ್ತ ಕೊಯ್ದ ಗದ್ದೆಯಲ್ಲಿ ಗದ್ದೆಗೊರವ, ಕೊಳದ ಬಕ, ಟಿಟ್ಟಿಭ ಕಂಡವು. ಜಲಾಶಯದಲ್ಲಿ ಸಿಗದ ತೆಳುನೀರು, ಕೆಸರು ಇಲ್ಲಿತ್ತು! ಕೊಡಗಿನಲ್ಲಿ ಗದ್ದೆ ಪಾಳು ಬಿಡುವುದು, ಮಣ್ಣು ತುಂಬಿಸುವುದು ಹೆಚ್ಚುತ್ತಿರುವಾಗ ಇವನ್ನು ಎಣಿಸದೆ ಬಿಡುವುದು ಸರಿಯಲ್ಲ ಅನ್ನಿಸಿತು. ಮುಂದಿನ ಜನವರಿಗೆ ಈ ಗದ್ದೆ ಬಯಲನ್ನು ಬೇರೆ ಜಾಗ ಎಂದೇ ಸೇರಿಸುತ್ತೇವೆ. ತೋಟದಲ್ಲಿ ಕೆರೆ ಇರುವವರು ನಮ್ಮ ಜೊತೆ ಬರಲಾಗದಿದ್ದರೂ, ಜನವರಿಯಲ್ಲೇ ಒಂದು ಬೆಳಗ್ಗೆ, ಆ ದಿನದ ಕಣದ ಕೆಲಸ ಶುರುವಾಗುವ ಮೊದಲು, ತಮ್ಮ ಕೆರೆಯನ್ನೇ ಎಣಿಸಿ ಕೊಡಬಹುದು.