ದೊಡ್ಡ ಆಪರೇಷನ್‌ಗೆ ಮುಂಚಿನ ಮೂರು ವಾರ

ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲೇ ಬದುಕು ಸವೆಸಿದ ನನ್ನ ಸೋದರಮಾವನ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಎಂದು ದಾವಣಗೆರೆಯಲ್ಲಿ ಗೊತ್ತಾದ ದಿನ, ಮನೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಒಳ್ಳೆಯ ಸರ್ಜನ್ ಯಾರು? ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಆಪರೇಷನ್‌ಗೆ ತಾರೀಕು ಕೊಟ್ಟ ಮೇಲೆ ಉಳಿದ ಮೂರು ವಾರಗಳಲ್ಲಿ ನಾವೇನು ಮಾಡಬೇಕು ಎಂದು ಒಬ್ಬರೂ ಕೇಳಲಿಲ್ಲ. ಮುಂದೆ ಮಾವ ಪಟ್ಟ ಪಾಡಿನಲ್ಲಿ ಬಹುಪಾಲಿಗೆ ಬೀಜ ಬಿದ್ದದ್ದು ಆ ಮೂರು ವಾರಗಳಲ್ಲೇ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ತಾರೀಕಿಗೆ ಕಾಯುತ್ತಿದ್ದರೆ ಇದನ್ನು ಓದಿ, ನಿಮ್ಮ ವೈದ್ಯರೊಂದಿಗೆ ಕುಳಿತು ಒಂದೊಂದನ್ನೇ ಮಾತನಾಡಿ.

ಕ್ಯಾನ್ಸರ್ ತಗುಲಿದ ಕೆನ್ನೆ, ನಾಲಿಗೆ ಅಥವಾ ದವಡೆಯನ್ನು ತೆಗೆದ ಮೇಲೆ ಉಳಿಯುವ ಜಾಗವನ್ನು ದೇಹದ ಬೇರೆ ಕಡೆಯಿಂದ ತಂದ ಭಾಗದಿಂದ ತುಂಬುತ್ತಾರೆ. ವೈದ್ಯರು ಇದನ್ನು ಫ್ಲ್ಯಾಪ್ ಎನ್ನುತ್ತಾರೆ. ಕೆನ್ನೆ, ನಾಲಿಗೆಗಾದರೆ ಮುಂಗೈಯದೋ ತೊಡೆಯದೋ ಚರ್ಮ. ದವಡೆಗಾದರೆ ಮೊಣಕಾಲಿನ ಕೆಳಗಿನ ಫಿಬುಲಾ ಎಲುಬು. ಕೆಲವರಿಗೆ ಎದೆಯ ಸ್ನಾಯುವನ್ನೇ ರಕ್ತನಾಳದ ಸಮೇತ ಮೇಲಕ್ಕೆ ತಿರುಗಿಸಿ ಹೊಲಿಯುತ್ತಾರೆ. ಕೈ ಕಾಲಿನಿಂದ ಬಿಡಿಸಿ ತಂದ ಫ್ಲ್ಯಾಪಿನ ರಕ್ತನಾಳ ಎರಡು-ಮೂರು ಮಿಲಿಮೀಟರ್ ಅಗಲ. ಅದನ್ನು ಕತ್ತಿನ ರಕ್ತನಾಳಕ್ಕೆ ಕೂದಲಿಗಿಂತ ತೆಳುವಾದ ದಾರದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ಎಂಟು-ಹತ್ತು ಗಂಟೆಯ ಕೆಲಸ. ಪಳಗಿದ ಕೈಗಳಲ್ಲಿ ನೂರಕ್ಕೆ 95ರಷ್ಟು ಫ್ಲ್ಯಾಪ್‌ಗಳು ಉಳಿದುಕೊಳ್ಳುತ್ತವೆ. ಗಾಯ ಬಿಚ್ಚಿಕೊಳ್ಳುವುದು, ಸೋಂಕು, ಕತ್ತಿನಿಂದ ಜೊಲ್ಲು ಸೋರುವುದು, ನ್ಯುಮೋನಿಯಾ ಮಾತ್ರ ಅದಕ್ಕಿಂತ ಹೆಚ್ಚು ಜನರನ್ನು ಕಾಡುತ್ತವೆ.

ಮೊದಲು, ಇದ್ದದ್ದನ್ನು ಇದ್ದ ಹಾಗೆ ಹೇಳಿ

ಅರಿವಳಿಕೆ ತಜ್ಞರು ಕೇಳಿದಾಗ ಮಾವ "ಎಲೆ-ಅಡಿಕೆ ಬಿಟ್ಟು ವರ್ಷವಾಯಿತು" ಎಂದರು. ಕುಡಿತದ ಬಗ್ಗೆ "ಹಬ್ಬಕ್ಕೆ ಒಂದಿಷ್ಟು" ಎಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು, ಇನ್ನೇನು ಹೇಳಿಯಾರು? ನಮಗೆ ನಿಜ ಗೊತ್ತಿತ್ತು, ನಾವೂ ಬಾಯಿ ಬಿಡಲಿಲ್ಲ.

ಆಪರೇಷನ್ ಆದ ಮೂರನೆಯ ರಾತ್ರಿ ಮಾವನ ಕೈ ನಡುಗತೊಡಗಿತು. ಗಂಟಲಿಗೆ ನಳಿಕೆ ಹಾಕಿದ್ದರಿಂದ ಮಾತಿಲ್ಲ. ಕೊಟ್ಟಿದ್ದ ಸ್ಲೇಟಿನ ಮೇಲೆ ಸೊಟ್ಟ ಅಕ್ಷರಗಳಲ್ಲಿ "ತೋಟಕ್ಕೆ ಹಂದಿ ಬಂದಿದೆ" ಎಂದು ಬರೆದು ತೋರಿಸಿ, ಮೂಗಿನಲ್ಲಿದ್ದ ಊಟದ ನಳಿಕೆಯನ್ನು ಕಿತ್ತುಕೊಂಡು ಎದ್ದು ಹೊರಟರು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಎರಡರಿಂದ ನಾಲ್ಕನೆಯ ದಿನದೊಳಗೆ ಬರುವ ಸನ್ನಿ ಅದು. ಹೊಸದಾಗಿ ಹೊಲಿದ ಕತ್ತನ್ನು ಹಾಗೆ ಎಳೆದಾಡಿದರೆ ಏನು ಬೇಕಾದರೂ ಆಗಬಹುದು. ಮೊದಲೇ ತಿಳಿದಿದ್ದರೆ ಥಯಮಿನ್ (ಬಿ1 ವಿಟಮಿನ್) ಕೊಟ್ಟು, ಔಷಧಿಯಲ್ಲಿ ಹದ್ದುಬಸ್ತಿಗೆ ತರಬಹುದಿತ್ತು ಎಂದು ಡ್ಯೂಟಿ ಡಾಕ್ಟರ್ ಹೇಳಿದಾಗ ನಾನು ತಲೆ ತಗ್ಗಿಸಿದೆ.

ಆದ್ದರಿಂದ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ. ದಿನಕ್ಕೆಷ್ಟು ಕುಡಿತ, ಎಷ್ಟು ಬೀಡಿ, ಎಷ್ಟು ಸಲ ಕಡ್ಡಿಪುಡಿ. ಶುಗರ್, ಬಿ.ಪಿ., ಹೃದಯ, ಉಬ್ಬಸ. ಹಿಂದೆ ಕತ್ತಿಗೆ ಆಪರೇಷನ್ ಆಗಿದೆಯೇ, ಕರೆಂಟ್ (ರೇಡಿಯೇಷನ್) ಕೊಡಿಸಿದ್ದಾರೆಯೇ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ, ಸ್ಟೀರಾಯ್ಡ್, ನಾಟಿ ಔಷಧಿ ಯಾವುದನ್ನೂ ಬಿಡಬೇಡಿ. ಮಾತ್ರೆಗಳನ್ನು ನೀವೇ ನಿಲ್ಲಿಸಲೂಬೇಡಿ. ರೋಗಿ ಮಕ್ಕಳೆದುರು ಹೇಳಲು ಹಿಂಜರಿದರೆ ಹಾಳೆಯನ್ನು ಸುಮ್ಮನೆ ವೈದ್ಯರ ಕೈಗೆ ಕೊಡಿ. ವಯಸ್ಸಾಯಿತೆಂದು ಹೆದರುವವರಿಗೆ ಒಂದು ಮಾತು: ವಯಸ್ಸಿಗಿಂತ ಈ ಹಾಳೆಯಲ್ಲಿರುವ ಕಾಯಿಲೆಗಳೇ ಹೆಚ್ಚು ಲೆಕ್ಕಕ್ಕೆ ಬರುತ್ತವೆ.

ಹೊಗೆಸೊಪ್ಪು ಇಂದೇ ನಿಲ್ಲಲಿ

ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದು. ಹಾಗೆಂದು ಕ್ಯಾನ್ಸರ್ ಆಪರೇಷನ್ ಅನ್ನು ಇದಕ್ಕಾಗಿ ಮುಂದೂಡುವಂತಿಲ್ಲ. ಒಂದೇ ವಾರ ಉಳಿದಿದ್ದರೂ ಬಿಡಬೇಕು. ನಿಕೋಟಿನ್ ಚೂಯಿಂಗ್ ಗಮ್ ಬಳಸುವ ಮುನ್ನ ಸರ್ಜನ್‌ರನ್ನು ಕೇಳಿ, ಅದರಲ್ಲಿರುವುದೂ ನಿಕೋಟಿನ್ನೇ.

ಅಡಿಕೆಯ ಅನ್ನ ಉಂಡ ಮನೆಯವಳಾಗಿ ಮುಂದಿನ ಮಾತು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆ ಒಳಗಿನಿಂದ ಬಿಗಿದು ಬಾಯೊಳಗೆ ಎರಡು ಬೆರಳೂ ಹೋಗದಂತಾಗಿರುತ್ತದೆ. ಅರಿವಳಿಕೆಯ ನಳಿಕೆ ಇಳಿಸುವುದು ಆಗ ಕಷ್ಟ. ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ತಜ್ಞರಿಗೆ ಮೊದಲೇ ತೋರಿಸಿ.

ಗಂಜಿಯಷ್ಟೇ ಸಾಲದು

ಬಾಯಿ ಹುಣ್ಣಾದವರು ಮೊದಲು ಖಾರ ಬಿಡುತ್ತಾರೆ, ಆಮೇಲೆ ರೊಟ್ಟಿ, ಆಮೇಲೆ ಅನ್ನ. ಮಂಡಕ್ಕಿ-ಮೆಣಸಿನಕಾಯಿ ಇಲ್ಲದೆ ಸಂಜೆ ಕಳೆಯದಿದ್ದ ಮಾವ ಕೊನೆಗೆ ರಾಗಿ ಗಂಜಿಗೆ ಬಂದು ನಿಂತಿದ್ದರು. ಪ್ರೀತಿಯಿಂದಲೇ ಮಾಡಿ ಕೊಡುತ್ತಿದ್ದೆವು. ಹೊಟ್ಟೆ ತುಂಬುತ್ತಿತ್ತು, ಮೈ ಇಳಿಯುತ್ತಿತ್ತು.

ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತರಷ್ಟು, ಅಂದರೆ 60 ಕಿಲೋ ಇದ್ದವರು 54ಕ್ಕೆ ಇಳಿದಿದ್ದರೆ ಅದು ದೊಡ್ಡ ಎಚ್ಚರಿಕೆ. ಗಾಯ ಕೂಡಲು ಪ್ರೋಟೀನ್ ಬೇಕು: ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನೀರು ಗಂಜಿಯಲ್ಲಿ ಎಷ್ಟು ಸಿಕ್ಕೀತು ಎಂದು ನೀವೇ ಲೆಕ್ಕ ಹಾಕಿ. ಗಂಜಿಯನ್ನು ಹಾಲಿನಲ್ಲಿ ಕಾಯಿಸಿ. ಹುರಿಗಡಲೆ ಹಿಟ್ಟು, ನುಣ್ಣಗೆ ಅರೆದ ಶೇಂಗಾ, ಬೇಯಿಸಿ ಸೋಸಿದ ಹೆಸರುಬೇಳೆ ಸೇರಿಸಿ. ಚಳ್ಳಕೆರೆ ಸೀಮೆಯ ಶೇಂಗಾ ನಮ್ಮ ಅಡುಗೆಮನೆಯಲ್ಲೇ ಇರುವಾಗ ಡಬ್ಬಿಯ ಪುಡಿಗೇ ಕಾಯಬೇಕಾಗಿಲ್ಲ. ವಾರಕ್ಕೆರಡು ಸಲ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನುಂಗಲಾಗದಿದ್ದರೆ ಮೂಗಿನ ನಳಿಕೆ ಈಗಲೇ ಹಾಕಿಸಬಹುದೇ ಎಂದು ಕೇಳಿ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಐದಾರು ದಿನ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ತುಂಬಿಸಬಾರದು. ರಕ್ತದ ಲವಣಾಂಶಗಳು ಕುಸಿದು ಹೃದಯಕ್ಕೇ ಅಪಾಯ. ವೈದ್ಯರು ಹೇಳಿದ ಪ್ರಮಾಣದಲ್ಲಿ ನಿಧಾನವಾಗಿ ಏರಿಸಿ.

ಪರೀಕ್ಷೆಗಳು

ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿ. ಹೆಚ್ಚಿದ್ದರೆ ಇನ್ಸುಲಿನ್‌ಗೆ ಬದಲಾಯಿಸುತ್ತಾರೆ, ಬೇಡವೆನ್ನಬೇಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಈಗಲೇ ಸರಿಪಡಿಸಬೇಕು. ಹಿಂದೆ ಕತ್ತಿಗೆ ಕರೆಂಟ್ ಕೊಡಿಸಿದವರಲ್ಲಿ ಥೈರಾಯ್ಡ್ ಕುಗ್ಗಿರುವುದುಂಟು. ಅದನ್ನು ಗಮನಿಸದಿದ್ದರೆ ಗಾಯ ಕೂಡುವುದಿಲ್ಲ, ಜೊಲ್ಲು ಸೋರುತ್ತದೆ. ಹುಳುಕು ಹಲ್ಲುಗಳನ್ನು ದಂತವೈದ್ಯರಿಗೆ ತೋರಿಸಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರದ ಓಡಾಟವನ್ನೂ ಇದೇ ವಾರಗಳಲ್ಲಿ ಮುಗಿಸಿ.

ಆ ಕೈಯನ್ನು ಕಾಯಿರಿ

ಮುಂಗೈಯಿಂದ ಫ್ಲ್ಯಾಪ್ ತೆಗೆಯುವುದಾದರೆ ಸಾಮಾನ್ಯವಾಗಿ ಎಡಗೈಯನ್ನು ಆರಿಸುತ್ತಾರೆ. ಸರ್ಜನ್ ಮಾವನಿಗೆ ಮುಷ್ಟಿ ಬಿಗಿಯಲು ಹೇಳಿ ಮಣಿಕಟ್ಟಿನ ಎರಡೂ ಬದಿಯ ನಾಡಿಗಳನ್ನು ಒತ್ತಿ ಹಿಡಿದರು. ಮುಷ್ಟಿ ಬಿಚ್ಚಿದಾಗ ಅಂಗೈ ಸುಣ್ಣದಂತೆ ಬೆಳ್ಳಗಾಗಿತ್ತು. ಕಿರುಬೆರಳಿನ ಕಡೆಯ ನಾಡಿಯನ್ನು ಮಾತ್ರ ಬಿಟ್ಟರು. ಕ್ಷಣಗಳಲ್ಲಿ ಅಂಗೈಗೆಲ್ಲ ಕೆಂಪು ಹರಡಿತು. ಹೆಬ್ಬೆರಳಿನ ಕಡೆಯ ನಾಡಿಯನ್ನು ತೆಗೆದರೂ ಕೈಗೆ ರಕ್ತ ಸಾಲುತ್ತದೆ ಎಂದು ಇದರ ಅರ್ಥ.

ಅಂದಿನಿಂದ ಆ ಕೈಯಲ್ಲಿ ರಕ್ತ ತೆಗೆಯಬಾರದು, ಗ್ಲೂಕೋಸ್ ಸೂಜಿ ಹಾಕಿಸಬಾರದು. ನಾವು ದಾಖಲಾಗಿದ್ದ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೈಗೆ ಗುರುತು ಹಾಕಿದ್ದರೂ ಬೆಳಗಿನ ಜಾವ ಒಬ್ಬರು ಅದೇ ಕೈಗೆ ಪಟ್ಟಿ ಕಟ್ಟಿಬಿಟ್ಟಿದ್ದರು. ಅತ್ತೆ ಎಚ್ಚರವಿದ್ದದ್ದರಿಂದ ತಪ್ಪಿತು. ನೀವೂ ತಡೆಯಿರಿ, ದಾಕ್ಷಿಣ್ಯ ಬೇಡ.

ಮೊದಲ ಮೂರು ದಿನ

ಫ್ಲ್ಯಾಪ್ ಕೈಕೊಡುವುದಾದರೆ ಹೆಚ್ಚಾಗಿ ಮೊದಲ 48ರಿಂದ 72 ಗಂಟೆಗಳಲ್ಲಿ. ಅದಕ್ಕೇ ಮೊದಲ ದಿನಗಳಲ್ಲಿ ನರ್ಸ್ ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡುತ್ತಾರೆ. ಕಾಣುವ ಜಾಗದಲ್ಲಿದ್ದರೆ ನೀವೂ ನೋಡಿ, ಮುಟ್ಟಬೇಡಿ. ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡರೆ ರಕ್ತ ಹೊರಗೆ ಹೋಗುತ್ತಿಲ್ಲ. ಬಿಳಿಚಿ ತಣ್ಣಗಾದರೆ ಒಳಗೆ ಬರುತ್ತಿಲ್ಲ. ಎರಡರಲ್ಲಿ ಯಾವುದು ಕಂಡರೂ ಆ ಕ್ಷಣವೇ ಕರೆಯಿರಿ, ರೌಂಡ್ಸ್‌ಗೆ ಬರಲಿ ಎಂದು ಕಾಯಬೇಡಿ. ಬೇಗ ಮತ್ತೆ ಥಿಯೇಟರ್‌ಗೆ ಒಯ್ದರೆ ಉಳಿಸಿಕೊಳ್ಳುವ ಅವಕಾಶವಿದೆ.

ತಲೆಯನ್ನು ಸರ್ಜನ್ ಹೇಳಿದ ಭಂಗಿಯಲ್ಲೇ ಇಡಬೇಕು. ಗಂಟಲ ನಳಿಕೆಯ ಪಟ್ಟಿ, ಆಮ್ಲಜನಕದ ಮಾಸ್ಕ್‌ನ ಎಲಾಸ್ಟಿಕ್, ದೇವರ ದಾರ ಯಾವುದೂ ಕತ್ತನ್ನು ಬಿಗಿಯಬಾರದು. ರಕ್ತನಾಳದ ಹೊಲಿಗೆ ಇರುವುದು ಅಲ್ಲೇ. ಮಾವನ ಕೊರಳಿನ ದಾರವನ್ನು ಅತ್ತೆ ಬಿಚ್ಚಿ ದಿಂಬಿನ ಕೆಳಗಿಟ್ಟರು. ವೈದ್ಯರು ಹೇಳಿದ ದಿನವೇ ಎಬ್ಬಿಸಿ ಕೂರಿಸಿ, ನಡೆಸಿ. ಮಲಗಿದಷ್ಟೂ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಳಿಕೆಯಲ್ಲಿ ಊಟ ಕೊಡುವಾಗ ತಲೆಯ ಕಡೆ ಎತ್ತರಿಸಿರಬೇಕು. ಗಾಯದೊಳಗಿನ ದ್ರವ ಬಂದು ಸೇರುವ ಡ್ರೈನ್ ಬಾಟಲಿಯಲ್ಲಿ ಹಾಲಿನಂಥ ದ್ರವ ಕಂಡರೆ ತಿಳಿಸಿ.

ಊರಿಗೆ ಬಂದ ಮೇಲೆ

ಜೊಲ್ಲು ಸೋರುವ ತೊಂದರೆ ಸಾಮಾನ್ಯವಾಗಿ ಐದರಿಂದ ಹತ್ತನೆಯ ದಿನದ ಸುಮಾರಿಗೆ ತಲೆ ಎತ್ತುತ್ತದೆ. ಕತ್ತು ಕೆಂಪಾಗುವುದು, ವಾಸನೆ, ಜ್ವರ, ಹೊಲಿಗೆಯ ಸಂದಿನಲ್ಲಿ ತೇವ ಅದರ ಸುಳಿವು. ಬಾಯಿಂದಲೋ ಕತ್ತಿನಿಂದಲೋ ಹೊಸ ಕೆಂಪು ರಕ್ತ ಒಂದು ಚಮಚದಷ್ಟು ಬಂದು ತಾನಾಗಿ ನಿಂತರೂ ಮನೆಯಲ್ಲಿ ಇರಬೇಡಿ. ದೊಡ್ಡ ರಕ್ತನಾಳ ಒಡೆಯುವ ಮುನ್ಸೂಚನೆ ಅದಾಗಿರಬಹುದು. ಬೆಂಗಳೂರು ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರ. ಅಂಥ ಹೊತ್ತಿನಲ್ಲಿ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ದಾರಿಯಿಂದಲೇ ಸರ್ಜನ್ ತಂಡಕ್ಕೆ ಫೋನ್ ಮಾಡಿ. ಆ ಸಂಖ್ಯೆಯನ್ನು ಡಿಸ್ಚಾರ್ಜ್ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡೇ ಹೊರಡಿ.

ರೇಡಿಯೇಷನ್ ಬೇಕಾದವರಿಗೆ ಆಪರೇಷನ್ ಆದ ಆರು ವಾರಗಳೊಳಗೆ ಶುರುವಾಗಬೇಕು. ಗಾಯ ಕೂಡದಿದ್ದರೆ ಅದು ಮುಂದೆ ಹೋಗುತ್ತದೆ, ಕ್ಯಾನ್ಸರ್ ಕಾಯುವುದಿಲ್ಲ. ಮಾವನ ಕತ್ತಿನಿಂದ ಹನ್ನೆರಡು ದಿನ ಜೊಲ್ಲು ಸೋರಿತು. ದಿನಾ ಡ್ರೆಸ್ಸಿಂಗ್, ನಳಿಕೆಯಲ್ಲಿ ಶೇಂಗಾ ಹಾಲು, ಗೋಡೆಯ ಕ್ಯಾಲೆಂಡರ್‌ನಲ್ಲಿ ಅತ್ತೆ ಹಾಕುತ್ತಿದ್ದ ಗುರುತು. ಗಾಯ ಒಣಗಿ ಮೊದಲ ಸಲ ರೇಡಿಯೇಷನ್ ಮೇಜಿನ ಮೇಲೆ ಅವರು ಮಲಗಿದಾಗ ಆರನೆಯ ವಾರ ಮುಗಿಯಲು ಎರಡು ದಿನ ಬಾಕಿ ಇತ್ತು.